ಹದಿನೈದು ಅಡಿಯಾಚೆ

"ಈ ಗಾಡೀನ ನಾನು ನಿಮಗೆ ಮಾರಲ್ಲ ಮೇಡಂ."

ಕುಣಿಗಲ್ ಬೈಪಾಸ್ ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯ ಅಂಗಳದಲ್ಲಿ ನಿಂತಿದ್ದ ಸರ್ವಮಂಗಳಳಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂಬ ಅನುಮಾನ ಬಂತು. ಮಾರಾಟಕ್ಕಿದೆ ಎಂದು ಫೋನಿನಲ್ಲಿ ಫೋಟೋ ಹಾಕಿದವನೇ ಇವನು. ನಿನ್ನೆ ಸಂಜೆ, ಬನ್ನಿ ನೋಡಿ ಎಂದವನೂ ಇವನೇ. ಐದು ನಿಮಿಷದ ಹಿಂದಿನವರೆಗೂ ನಗುನಗುತ್ತಲೇ ಬಾಗಿಲು ತೆಗೆದು ತೋರಿಸಿದ್ದ.

ಒಂದು ಪಿಕಪ್ ಗಾಡಿ. ಅದರ ಬೆನ್ನ ಮೇಲೆ ತಗಡು ಮತ್ತು ಪ್ಲೈವುಡ್ಡಿನಲ್ಲಿ ಕಟ್ಟಿ ಕೂರಿಸಿದ ಪುಟ್ಟ ಕೋಣೆ. ಒಳಗೊಂದು ಮಂಚ, ಅಂಗೈಯಗಲದ ಸಿಂಕು, ಮಂಚದಡಿ ಎರಡು ದೊಡ್ಡ ಬ್ಯಾಟರಿ, ನೀರಿನ ಟ್ಯಾಂಕು, ಮಾಡಿನ ಮೇಲೆ ಸೋಲಾರ್ ಫಲಕ.

ಅವಳು ಹೇಳಿದ್ದು ಒಂದೇ ಮಾತು... ಈ ಮಂಚದ ಮೇಲೆ ನಮ್ಮಮ್ಮ ಮಲಗಬೇಕು, ಅವರಿಗೆ ಶ್ವಾಸಕೋಶದ ಕಾಯಿಲೆ, ಆಕ್ಸಿಜನ್ ಮಷಿನ್ ಹಗಲೂ ರಾತ್ರಿ ಓಡುತ್ತಿರಬೇಕು, ಅಂತ. ಅಷ್ಟಕ್ಕೆ ಅವನ ಮುಖದ ರಕ್ತವೇ ಇಂಗಿಹೋಯಿತು.

"ಉಸಿರಾಡೋಕೆ ಕಷ್ಟ ಇರೋರಿಗೆ ಇದು ಬೇಡ. ಬೇರೆ ಯಾವ್ದಾದ್ರೂ ನೋಡಿ" ಎಂದು ಅಂಗಡಿಯವನು, ಗುರುಪ್ರಕಾಶ್, ಮುಖ ತಿರುಗಿಸಿಕೊಂಡ.

ಬೇರೆ ಎಲ್ಲಿದೆ? ಆರು ತಿಂಗಳಿನಿಂದ ಅವಳು ಹುಡುಕುತ್ತಿದ್ದಳು.

ಸರ್ವಮಂಗಳಳಿಗೆ ಮೂವತ್ಮೂರು. ತುಮಕೂರಿನ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಗುಬ್ಬಿಯಲ್ಲಿ ಮನೆ. ತಾಯಿ ಉಮಾಮಹೇಶ್ವರಿ ಹತ್ತೊಂಬತ್ತು ವರ್ಷ ಶಾಲೆಯ ಬಿಸಿಯೂಟಕ್ಕೆ ಸೌದೆ ಒಲೆಯ ಮುಂದೆ ಕೂತು ಅನ್ನ ಬೇಯಿಸಿದವರು. ಊರಿನ ಎಷ್ಟೋ ಮಕ್ಕಳ ಹೊಟ್ಟೆ ತುಂಬಿತು, ಆಕೆಯ ಎದೆ ಸುಟ್ಟುಹೋಯಿತು. ಈಗ ಮಷಿನ್ನಿನಿಂದ ಮೂಗಿಗೆ ಹೋಗುವ ಟ್ಯೂಬು ಹದಿನೈದು ಅಡಿ. ಮಂಚ, ಬಚ್ಚಲು, ಅಡುಗೆಮನೆಯ ಹೊಸ್ತಿಲು... ಅಲ್ಲಿಗೆ ಆಕೆಯ ಪ್ರಪಂಚ ಮುಗಿಯಿತು. ಬೀದಿ ಬಾಗಿಲು ಹದಿನೇಳನೇ ಅಡಿಯಲ್ಲಿತ್ತು. ಆ ಬಾಗಿಲಿನಾಚೆ ಹೋಗಬೇಕು ಎಂದು ಆಕೆ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಆ ಕಡೆ ನೋಡುತ್ತಾ ಕೂರುವುದನ್ನು ಮಗಳು ನೋಡಿದ್ದಳು.

ಆಗಿದ್ದಾಗಲಿ, ಕೊನೇಪಕ್ಷ ಗಾಡಿಯ ದಾಖಲೆಗಳನ್ನಾದರೂ ನೋಡುತ್ತೇನೆ ಎಂದು ಹಟ ಹಿಡಿದು ಅವಳು ಅಂಗಡಿಯೊಳಗೆ ಹೋದಳು. ಫೈಲು ತಿರುವಿ ಹಾಕಿ ಹೊರಗೆ ಬಂದಾಗ ಗುರುಪ್ರಕಾಶ್, ಅವಳು ತಾಯಿಯನ್ನು ಕರೆತಂದಿದ್ದ ಬಾಡಿಗೆ ಕಾರಿನ ಕಿಟಕಿಯ ಬಳಿ ಬಗ್ಗಿ ನಿಂತಿದ್ದ. ಕಾರಿನಲ್ಲಿ ಕೆಲವೇ ಗಂಟೆ ಬರುವ ಸಣ್ಣ ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದ ಉಮಾಮಹೇಶ್ವರಿ ಅವನ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ಮಗಳನ್ನು ಕಂಡು ಇಬ್ಬರೂ ಸುಮ್ಮನಾದರು.

"ಕೊಡ್ತೀನಿ" ಅಂದ ಅವನು, ನೆಲ ನೋಡುತ್ತಾ. "ಆದ್ರೆ ಒಂದು ಷರತ್ತು. ನಾಲ್ಕು ಭಾನುವಾರ ನೀವಿಲ್ಲಿಗೆ ಬಂದು ಇದರ ಕರೆಂಟು, ನೀರು ಎರಡೂ ಪೂರ್ತಿ ಕಲೀಬೇಕು. ಕಲಿಯೋವರೆಗೆ ಅಮ್ಮನ್ನ ಇದರೊಳಗೆ ಮಲಗಿಸಬಾರದು."

ಎಂಥ ವಿಚಿತ್ರ ಮನುಷ್ಯ ಎಂದುಕೊಂಡಳು ಅವಳು. ಆದರೂ ಒಪ್ಪಿದಳು.

*

ಮೊದಲ ಭಾನುವಾರ ಅವನು ಅವಳ ಕೈಗೆ ಮೀಟರ್ ಕೊಟ್ಟು ಬ್ಯಾಟರಿಯ ಮುಂದೆ ಕೂರಿಸಿದ. ಹನ್ನೆರಡೂ ಮುಕ್ಕಾಲು ವೋಲ್ಟ್ ತೋರಿಸಿದರೆ ತುಂಬಿದೆ, ಹನ್ನೆರಡಕ್ಕೆ ಬಂದರೆ ಎಚ್ಚರ, ಅದಕ್ಕಿಂತ ಇಳಿದರೆ ನಿಮ್ಮ ಹತ್ತಿರ ಇನ್ನು ಸಮಯವಿಲ್ಲ ಎಂದು ತಿಳಿಯಿರಿ, ಎಂದ. ಆಕ್ಸಿಜನ್ ಮಷಿನ್ನು ಗಂಟೆಗೆ ಎಷ್ಟು ಎಳೆಯುತ್ತದೆ, ಎರಡು ಬ್ಯಾಟರಿ ಸೇರಿ ಎಷ್ಟು ಹೊತ್ತು ತಡೆಯುತ್ತವೆ ಎಂದು ಲೆಕ್ಕ ಹಾಕಿಸಿದ. ಐದು ಗಂಟೆ ಬಂತು.

ಮೋಡವಿದ್ದರೆ ಸೋಲಾರನ್ನು ನಂಬಬೇಡಿ, ಎಂಜಿನ್ ಸ್ಟಾರ್ಟ್ ಮಾಡಿದರೆ ಅಲ್ಲಿಂದಲೂ ಈ ಬ್ಯಾಟರಿಗೆ ಚಾರ್ಜ್ ಬರುತ್ತದೆ, ಆದರೆ ಬಯಲಲ್ಲಿ ನಿಲ್ಲಿಸಿಯೇ ಎಂಜಿನ್ ಹಚ್ಚಬೇಕು, ಗೋಡೆ ಪಕ್ಕ ಬೇಡ, ಕಿಟಕಿ ಎರಡೂ ತೆರೆದಿರಬೇಕು... ಕಿಟಕಿಯ ವಿಷಯವನ್ನು ಅವನು ಆ ದಿನ ನಾಲ್ಕು ಸಲವಾದರೂ ಹೇಳಿದ. ಮಾಡಿನ ಒಳಗಡೆ ಹೊಗೆ ಕಂಡರೆ ಕೂಗುವ ಒಂದಲ್ಲ, ಎರಡು ಅಲಾರಂ ಹಾಕಿದ್ದ.

ಒಂದು ಸಾಲದಾ ಎಂದು ಕೇಳಿದಳು. ಸಾಲದು ಎಂದನಷ್ಟೆ.

ಎರಡನೇ ಭಾನುವಾರ ನೀರು. ಟ್ಯಾಂಕು, ಪುಟ್ಟ ಪಂಪು, ಸಿಂಕಿನಿಂದ ಕೆಳಗಿಳಿಯುವ ವೇಸ್ಟ್ ನೀರಿನ ಪೈಪು. ಟ್ಯಾಂಕು ಬರಿದಾದಾಗ ಪಂಪು ಒಣಗಿ ಓಡುವ ಸದ್ದೇ ಬೇರೆ, ಕಣ್ಣು ಮುಚ್ಚಿ ಕೇಳಿ, ಎಂದ. ಅವಳು ಕಣ್ಣು ಮುಚ್ಚಿದಳು. ಪಂಪು ಕೆಮ್ಮಿತು. ಥೇಟ್ ನಮ್ಮ ಪ್ರಿನ್ಸಿಪಾಲರ ಹಾಗೆ ಎಂದು ಅವಳಿಗೆ ನಗು ಬಂತು. ಕಣ್ಣು ತೆರೆದಾಗ ಅವನು ಅವಳನ್ನೇ ನೋಡುತ್ತಿದ್ದ. ತಕ್ಷಣ ತಲೆ ತಗ್ಗಿಸಿ ಸಿಂಕಿನ ಕೆಳಗೆ ತೂರಿಕೊಂಡ.

ಅಲ್ಲೇ ಬಹಳ ಹೊತ್ತು ಇದ್ದ. ಪೈಪು ನೆಲದೊಳಗೆ ಇಳಿಯುವ ಜಾಗವನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದ. ಪ್ರತಿ ವಾರವೂ ಹೀಗೇ. ಸೋರುತ್ತಿಲ್ಲವಲ್ಲ, ಮತ್ತೆ ಮತ್ತೆ ಯಾಕೆ ನೋಡುತ್ತೀರಿ ಎಂದರೆ ಪಂಪಿನ ಮಾತು ತೆಗೆಯುತ್ತಿದ್ದ.

ಮೂರನೇ ವಾರ ಅವಳು ಬ್ಯಾಟರಿಯ ವೈರು ಬಿಚ್ಚುವಾಗ ಸ್ಪ್ಯಾನರ್ ತಪ್ಪು ಕಡೆಗೆ ತಾಗಿ ಕಿಡಿ ಹಾರಿತು. ಅವನು ಅವಳ ಮಣಿಕಟ್ಟು ಹಿಡಿದು ಎಳೆದುಬಿಟ್ಟ. ಸುಟ್ಟಿರಲಿಲ್ಲ. ಆದರೂ ಅವಳ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಬಿಡಲು ಮರೆತಂತೆ ಹಿಡಿದೇ ಇದ್ದ. ಅವಳಿಗೂ ಬಿಡಿಸಿಕೊಳ್ಳಬೇಕು ಅನಿಸಲಿಲ್ಲ...

'ಇಪ್ಪತ್ತಾರನೇ ವಯಸ್ಸಿಗೆ ಒಂದು ಸಂಬಂಧ ಮುರಿದುಬಿದ್ದ ಮೇಲೆ ಇದೆಲ್ಲ ಮುಗೀತು ಅಂದ್ಕೊಂಡಿದ್ದೆನಲ್ಲ' ಎಂದು ಅವಳು ಬಸ್ಸಿನಲ್ಲಿ ಗುಬ್ಬಿಯ ಕಡೆಗೆ ಹೋಗುವಾಗ ಯೋಚಿಸಿದಳು.

ಐದನೇ ಭಾನುವಾರ ಉಮಾಮಹೇಶ್ವರಿ ಗಾಡಿ ಹತ್ತಿದರು, ಸರ್ವಮಂಗಳ ಸ್ಟಿಯರಿಂಗ್ ಹಿಡಿದಳು. ಪಕ್ಕದ ಮನೆಯ ಸುಧಾ ಜೊತೆಗೆ ಕೂತಳು. ಗುರುಪ್ರಕಾಶ್ ಬೈಕಿನಲ್ಲಿ ಹಿಂದೆ ಬಂದ. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಹಿಂಬಾಗಿಲು ತೆಗೆದು ನಿಲ್ಲಿಸಿದಾಗ ನೀರಿನ ಮೇಲಿಂದ ಗಾಳಿ ಬೀಸಿತು. ಎರಡು ವರ್ಷದ ನಂತರ ಆಕೆಯ ಮುಖಕ್ಕೆ ತಾಗಿದ ಮೊದಲ ಕೆರೆಗಾಳಿ ಅದು. ಆಕೆ ಒಂದು ಗಂಟೆ ನೀರನ್ನೇ ನೋಡುತ್ತಾ ಕೂತಿದ್ದು, ಕೊನೆಗೆ ಬೋಂಡ ತಿನ್ನಬೇಕು ಎಂದರು.

ಮಷಿನ್ನಿನಲ್ಲಿ ಗಾಳಿಗೆ ತೇವ ಕೊಡುವ ನೀರಿನ ಬಾಟಲಿಗೆ ಟ್ಯಾಂಕಿನ ನೀರು ಬೇಡವೆಂದು ಗುರುಪ್ರಕಾಶ್ ಮನೆಯಿಂದಲೇ ಕುದಿಸಿ ಆರಿಸಿದ ನೀರು ತಂದಿದ್ದ. ಅದನ್ನು ತುಂಬಿಸುವಾಗ ಅವನ ತಲೆಯ ಮೇಲೆ ಉಮಾಮಹೇಶ್ವರಿ ಕೈಯಿಟ್ಟರು.

ಆಮೇಲೆ ಗೂಳೂರು, ಮಾರ್ಕೋನಹಳ್ಳಿ, ತುಮಕೂರಿನ ಸದಾಶಿವನಗರದಲ್ಲಿದ್ದ ಹಳೆಯ ಗೆಳತಿಯ ಮನೆ ಬಾಗಿಲು... ಮೂರು ತಿಂಗಳು ಹೀಗೇ ಕಳೆಯಿತು.

*

ಬೆಳ್ಳಾವಿಯ ಸಂತೆಯ ಹತ್ತಿರ ಗಾಡಿ ನಿಲ್ಲಿಸಿದ್ದ ದಿನ, ಬಿಳಿ ಮೀಸೆಯ ಮುದುಕನೊಬ್ಬ ಬಂದು ಅದರ ಸುತ್ತ ಎರಡು ಸುತ್ತು ಹಾಕಿದ. ಅವನ ಹೆಸರು ರಾಮಾಂಜಿನಯ್ಯ, ಜೇನುಪೆಟ್ಟಿಗೆ ಇಟ್ಟುಕೊಂಡವನು.

"ಇದು ಬಸವಪ್ರಭು ಗಾಡಿ ಅಲ್ವೇನಮ್ಮ? ಇನ್ನೂ ಓಡಾಡ್ತದಾ ಇದು?"

ಯಾರು ಬಸವಪ್ರಭು ಎಂದು ಅವಳು ಕೇಳಿದಳು. ಮುದುಕ ಹೇಳತೊಡಗಿದ. ಕುಣಿಗಲ್ಲಿನ ಹುಡುಗ, ಜೇನು ಸಾಕುತ್ತಿದ್ದ. ಹೂವಿರುವ ಕಡೆಗೆಲ್ಲ ಪೆಟ್ಟಿಗೆ ಹೊತ್ತೊಯ್ದು, ಹೊಲದ ಬದುವಿನಲ್ಲೇ ಈ ಗಾಡಿಯಲ್ಲಿ ಮಲಗುತ್ತಿದ್ದ. ಮೂರು ವರ್ಷದ ಹಿಂದೆ ಪಾವಗಡದ ಕಡೆ ಸೂರ್ಯಕಾಂತಿ ಹೊಲದಲ್ಲಿ, ಬೆಳಿಗ್ಗೆ ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಒಡೆದು ನೋಡಿದರೆ ಮಂಚದ ಮೇಲೆ ಹಾಗೇ... ಜನರೇಟರ್ ಹೊಗೆ. ಉಸಿರು ಕಟ್ಟಿ ಹೋಗಿತ್ತು. ಅವನ ಅಣ್ಣ ಗುರುಪ್ರಕಾಶನೇ ಬಂದು ಎತ್ತಿಕೊಂಡು ಹೋದ.

ಸರ್ವಮಂಗಳ ತಿರುಗಿ, ಗಾಡಿಯೊಳಗೆ ನಿದ್ದೆಹೋಗಿದ್ದ ತಾಯಿಯ ಕಡೆ ನೋಡಿದಳು.

'ಅದೇ ಮಂಚ... ಉಸಿರಿಗಾಗಿ ಒದ್ದಾಡೋ ನಮ್ಮಮ್ಮನ್ನ ನಾನು ಅದೇ ಮಂಚದ ಮೇಲೆ ಮಲಗಿಸಿದೆ!'

ಮರುದಿನ ರಜೆ ಹಾಕಿ ಅವಳು ಒಬ್ಬಳೇ ಕುಣಿಗಲ್ಲಿಗೆ ಹೋದಳು. ಅವನು ಒಂದು ಮೋಟಾರಿನ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ.

"ಬಸವಪ್ರಭು ನಿಮಗೆ ಏನಾಗ್ಬೇಕು?"

ತಂತಿ ಕೈಯಿಂದ ಜಾರಿತು. "ತಮ್ಮ."

"ಆ ಗಾಡೀಲಿ ಸತ್ತಿದ್ದು ನಿಜಾನಾ?"

"ನಿಜ."

"ನನಗೆ ಯಾಕೆ ಹೇಳ್ಲಿಲ್ಲ?"

ಅವನು ಬಾಯಿ ತೆರೆದ. ಏನೋ ಹೇಳಹೊರಟು ನುಂಗಿಕೊಂಡ. ಆ ಮೌನ ಅವಳಿಗೆ ಒಪ್ಪಿಗೆಯಂತೆ ಕಂಡಿತು. ಹೇಳಿದರೆ ಯಾರೂ ಕೊಳ್ಳುತ್ತಿರಲಿಲ್ಲ, ಅಷ್ಟೇ ತಾನೇ? ನಾಲ್ಕು ವಾರದ ಪಾಠ, ಕುದಿಸಿ ಆರಿಸಿದ ನೀರು, ಅಮ್ಮನ ಮುಂದಿನ ವಿನಯ, ಎಲ್ಲವೂ ಒಳಗಿನ ಅಳುಕನ್ನು ಮುಚ್ಚಿಕೊಳ್ಳಲು ಮಾಡಿದ್ದು. ಅವಳು ಅದನ್ನೆಲ್ಲ ಮುಖಕ್ಕೆ ಹೇಳಿದಳು.

"ಇನ್ಮೇಲೆ ನಮ್ಮನೆ ಕಡೆ ಬರಬೇಡಿ" ಎಂದು ಹೇಳಿ ಹೊರಟಳು. ಬಸ್ಸು ಹತ್ತುವವರೆಗೂ ಕಣ್ಣೀರು ತಡೆದುಕೊಂಡಿದ್ದಳು.

ಗಾಡಿಯ ಮೇಲೆ ಟಾರ್ಪಾಲು ಬಿತ್ತು. ಉಮಾಮಹೇಶ್ವರಿ ಮತ್ತೆ ಹದಿನೈದು ಅಡಿಗೆ ಮರಳಿದರು. ಗುರು ಯಾಕೆ ಬರುತ್ತಿಲ್ಲ ಎಂದು ಆಕೆ ಕೇಳಿದಾಗಲೆಲ್ಲ ಕೆಲಸ ಜಾಸ್ತಿಯಂತೆ ಎಂದು ಮಗಳು ಸುಳ್ಳು ಹೇಳಿದಳು. ತಾಯಿಯ ಎದೆಗೆ ಈ ಸುದ್ದಿ ತಾಗಬಾರದು ಎಂಬುದು ಅವಳ ಲೆಕ್ಕ.

*

ಮೇ ತಿಂಗಳ ಎರಡನೇ ವಾರ ಗುಬ್ಬಿಯ ಮೇಲೆ ಬಿರುಗಾಳಿ ಎದ್ದಿತು. ತೆಂಗಿನ ಮರಗಳು ಲೈನಿನ ಮೇಲೆ ಉರುಳಿದವು. ಕಂಬಗಳೇ ಮುರಿದಿವೆ, ಎರಡು ದಿನವಾದರೂ ಕರೆಂಟು ಬರುವುದಿಲ್ಲ ಎಂದು ಸುದ್ದಿ ಬಂತು. ಮನೆಯ ಇನ್ವರ್ಟರ್ ನಸುಕಿನ ಮೂರು ಗಂಟೆಗೆ ಸತ್ತುಹೋಯಿತು. ಸಿಲಿಂಡರ್ ಬೆಳಿಗ್ಗೆ ಹತ್ತಕ್ಕೆ ಬರಿದಾಗುವ ಹೊತ್ತಿಗೆ ಸರ್ವಮಂಗಳ ಟಾರ್ಪಾಲು ಕಿತ್ತೆಸೆದಿದ್ದಳು.

ಸುಧಾಳ ಸಹಾಯದಿಂದ ತಾಯಿಯನ್ನು ಅದೇ ಮಂಚದ ಮೇಲೆ ಮಲಗಿಸಿ ಮಷಿನ್ ಹಚ್ಚಿದಳು. ಗಾಡಿಯನ್ನು ಬಯಲಿಗೆ ತಂದು ಎಂಜಿನ್ ಸ್ಟಾರ್ಟ್ ಮಾಡಿ, ಕಿಟಕಿ ತೆರೆದು, ಮೀಟರ್ ನೋಡಿದಳು.

ಹನ್ನೆರಡೂ ಕಾಲು. ಎಂಜಿನ್ ಓಡುತ್ತಿರುವಾಗ ಏರಬೇಕಿತ್ತು. ಹನ್ನೆರಡು ಪಾಯಿಂಟ್ ಒಂದು. ಹನ್ನೆರಡು. ಇಳಿಯುತ್ತಿತ್ತು.

ತಿಂಗಳುಗಟ್ಟಲೆ ಟಾರ್ಪಾಲಿನಡಿ ಕೂತ ಬ್ಯಾಟರಿ ಅರ್ಧಕ್ಕೆ ಇಳಿದಿತ್ತು. ಮೇಲೆ ಕಪ್ಪು ಮೋಡ. ಎಂಜಿನ್ನಿನಿಂದ ಬರಬೇಕಾದ ಚಾರ್ಜು ಬರುತ್ತಿಲ್ಲ, ಮರ ಬಿದ್ದ ದಾರಿಯಲ್ಲಿ ತುಮಕೂರು ಸೇರುವವರೆಗೆ ಇದು ಸಾಲದು. ತಾಯಿಯ ತುಟಿ ನೀಲಿಯಾಗುತ್ತಿತ್ತು.

ಅವಳ ಬೆರಳು ಫೋನಿನಲ್ಲಿ ಅವನ ನಂಬರಿನವರೆಗೂ ಹೋಯಿತು. ನೆಟ್‌ವರ್ಕ್ ಇರಲಿಲ್ಲ.

ಗಾಬರಿಯಾದಾಗ ಎಲ್ಲ ಕಡೆ ಕೈ ಹಾಕಬೇಡಿ, ಕರೆಂಟು ಹೊರಡುವ ಕಡೆಯಿಂದ ಅದರ ಹಿಂದೆಯೇ ನಡೆಯಿರಿ, ಎಂದಿದ್ದ ಅವನು. ಅವಳು ನಡೆದಳು. ಎಂಜಿನ್ನಿನ ಪಕ್ಕದ ಫ್ಯೂಸು ಸರಿಯಿತ್ತು. ಮಧ್ಯದ ಜೋಡಣೆ ಸರಿಯಿತ್ತು. ಕೆಸರಿನಲ್ಲಿ ಬೆನ್ನು ಹಾಕಿ ಗಾಡಿಯ ಅಡಿಗೆ ಜಾರಿದಳು. ಗಾಡಿಯ ಕಬ್ಬಿಣದ ಚಾಸಿಗೆ ಬ್ಯಾಟರಿಯ ಅರ್ಥ್ ವೈರು ಸೇರುವ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿ ಅಲ್ಲಾಡುತ್ತಿತ್ತು. ಎಂಜಿನ್ ಆಫ್ ಮಾಡಿಸಿ, ಬಿಚ್ಚಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಿಗಿ ಮಾಡಿದಳು. ಬೆರಳ ಗೆಣ್ಣು ತರಚಿ ರಕ್ತ ಬರುತ್ತಿದ್ದುದು ಅವಳಿಗೆ ಗೊತ್ತೇ ಆಗಲಿಲ್ಲ.

ಸುಧಾ ಮತ್ತೆ ಕೀ ತಿರುಗಿಸಿದಳು. ಮೀಟರಿನಲ್ಲಿ ಹದಿಮೂರು ದಾಟಿತು... ಹದಿಮೂರೂ ಮುಕ್ಕಾಲು.

ಸರ್ವಮಂಗಳ ಸ್ಟಿಯರಿಂಗ್ ಹಿಡಿದು ತುಮಕೂರಿನ ಕಡೆಗೆ ಗಾಡಿ ಓಡಿಸಿದಳು. ಬಿದ್ದ ಮರಗಳನ್ನು ಬಳಸಿಕೊಂಡು ಆಸ್ಪತ್ರೆ ಸೇರುವವರೆಗೂ ಹಿಂದಿನ ಮಷಿನ್ನು ನಿಲ್ಲಲಿಲ್ಲ.

*

ಉಮಾಮಹೇಶ್ವರಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಬದುಕಿದ್ದರು. ಗಾಡಿಯಿಂದಾಗಿ ಸಿಕ್ಕಿದ್ದು ಆ ಒಂಬತ್ತು ದಿನ. ವೈದ್ಯರು ಮೊದಲ ದಿನವೇ, ಇನ್ನು ಶ್ವಾಸಕೋಶದಲ್ಲಿ ಏನೂ ಉಳಿದಿಲ್ಲ ಎಂದಿದ್ದರು.

ನಾಲ್ಕನೇ ದಿನ ಆಕೆ ಮಾಸ್ಕ್ ಸರಿಸಿ ಮಗಳನ್ನು ಹತ್ತಿರ ಕರೆದರು.

"ಗುರುನ ಬೈದು ಕಳ್ಸಿದ್ಯಾ?"

ಯಾರು ಹೇಳಿದರು ಎಂದಳು ಮಗಳು.

"ಯಾರೂ ಹೇಳ್ಲಿಲ್ಲ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ... ಅವ್ನು ಮೊದ್ಲ ದಿನಾನೇ ನಂಗೆಲ್ಲ ಹೇಳ್ದ ಕಣೇ ಮಂಗಳ. ನನ್ನ ತಮ್ಮ ಸತ್ತ ಗಾಡಿ, ಬೇಡಮ್ಮಾ ಅಂತ ಕೈ ಮುಗ್ದ. ನಾನೇ ಆಣೆ ಹಾಕಿಸ್ಕೊಂಡೆ. ನನ್ನ ಮಗಳಿಗೆ ಹೇಳ್ಬೇಡ, ಹೇಳಿದ್ರೆ ಅವ್ಳು ತಗೊಳಲ್ಲ, ನಾನು ಬೀದಿ ನೋಡ್ದೆ ಸಾಯ್ತೀನಿ ಅಂತ."

ಅಷ್ಟು ಹೇಳಲು ಆಕೆಗೆ ಹತ್ತು ನಿಮಿಷ ಬೇಕಾಯಿತು. ಸರ್ವಮಂಗಳ ತಾಯಿಯ ಅಂಗೈಯಲ್ಲಿ ಮುಖ ಹುದುಗಿಸಿ ಅತ್ತಳು. ಎಷ್ಟು ಬೈದಿದ್ದೆ ಅವನನ್ನು! ಒಂದು ಮಾತು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ.

ಗುಬ್ಬಿಯ ರುದ್ರಭೂಮಿಯಲ್ಲಿ ತಾಯಿಯನ್ನು ಮಣ್ಣಿಗಿಡುವಾಗ ಅವನು ದೂರದ ಬೇವಿನ ಮರದ ಕೆಳಗೆ ನಿಂತಿದ್ದುದನ್ನು ಅವಳು ಕಂಡಳು. ಬರಬೇಡಿ ಎಂದದ್ದನ್ನು ಪಾಲಿಸುತ್ತಿದ್ದ. ಅವಳು ಬಗ್ಗಿ ಹಿಡಿ ಮಣ್ಣು ಹಾಕಿದಳು. ತಲೆಯೆತ್ತಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವನಿಂದ ಒಂದು ಮೆಸೇಜ್ ಬಂತು. ಗಾಡಿಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಗುಜರಿಗೆ ಹಾಕಿ ಒಡೆಸುತ್ತೇನೆ, ಅದು ಇನ್ನು ಯಾರಿಗೂ ಬೇಡ ಎಂದು.

ಅವಳೇ ಅದನ್ನು ಕುಣಿಗಲ್ಲಿಗೆ ಓಡಿಸಿಕೊಂಡು ಹೋದಳು.

ಅಂಗಳದಲ್ಲಿ ನಿಲ್ಲಿಸಿ ಇಳಿದಾಗ ಅವನು ಎದ್ದು ನಿಂತ. ಅವಳು ಕ್ಷಮೆ ಕೇಳಿದಳು. ಅಮ್ಮ ಎಲ್ಲ ಹೇಳಿದರು, ನಿಮ್ಮದೇನೂ ತಪ್ಪಿಲ್ಲ ಎಂದಳು. ಅವನ ಮುಖ ಸಡಿಲವಾಗಬೇಕಿತ್ತು. ಬದಲಿಗೆ ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

"ಅಮ್ಮಂಗೂ ನಾನು ಪೂರ್ತಿ ಹೇಳಿರ್ಲಿಲ್ಲ" ಅಂದ.

ಆಮೇಲೆ ಹೇಳಿದ. ಗಾಡಿಯ ನೀರಿನ ಕೆಲಸವೆಲ್ಲ ಅವನದೇ. ಸಿಂಕಿನ ಪೈಪಿಗಾಗಿ ನೆಲದಲ್ಲಿ ತೂತು ಕೊರೆದಾಗ ಅದು ಪೈಪಿಗಿಂತ ದೊಡ್ಡದಾಯಿತು. ಸುತ್ತ ಉಳಿದ ಸಂದಿಯನ್ನು ನಾಳೆ ಸೀಲ್ ಮಾಡುತ್ತೇನೆ ಎಂದು ಬಿಟ್ಟ. ಯಾರದೋ ಬೋರ್‌ವೆಲ್ ಮೋಟಾರು ಸುಟ್ಟಿತ್ತು, ಆ ಕಡೆ ಹೋದ. ತಮ್ಮ ಅಂದೇ ಸಂಜೆ ಪಾವಗಡಕ್ಕೆ ಹೊರಟ. ಡಿಸೆಂಬರಿನ ಚಳಿ, ಮೂರು ದಿನ ಮೋಡ, ಬ್ಯಾಟರಿ ಇಳಿದಿತ್ತು. ಕೋಣೆಯ ನೆಲದಡಿಯ ಪೆಟ್ಟಿಗೆಯಲ್ಲಿದ್ದ ಜನರೇಟರ್ ಹಚ್ಚಿ, ಕಿಟಕಿ ಮುಚ್ಚಿ ಮಲಗಿದ. ಹೊಗೆ ಆ ಸಂದಿಯಿಂದ ಮೇಲೆ ಬಂತು.

"ಕಿಟಕಿ ಮುಚ್ಚಿದ್ದ, ಅದಕ್ಕೇ ಹೋದ ಅಂತ ಪೊಲೀಸ್ರು ಬರಕೊಂಡ್ರು. ತೂತು ಯಾರೂ ನೋಡ್ಲಿಲ್ಲ. ಗಾಡಿ ಮನೆಗೆ ತಂದ ದಿನ ನಾನೇ ಸೀಲ್ ಹಾಕ್ದೆ. ಯಾರಿಗೂ ಹೇಳ್ಲಿಲ್ಲ."

ಈಗ ಅವಳಿಗೆ ಎಲ್ಲ ಅರ್ಥವಾಯಿತು. ಪ್ರತಿ ಭಾನುವಾರ ಸಿಂಕಿನ ಕೆಳಗೆ ಅವನ ಬೆರಳು ಹುಡುಕುತ್ತಿದ್ದುದು ಏನನ್ನು ಎಂದು. ಸುಳ್ಳು ಸಮಾಧಾನ ಹೇಳಿದರೆ ಈ ಮನುಷ್ಯ ಇನ್ನೂ ಒಂಟಿಯಾಗುತ್ತಾನೆ ಎಂದು ಅವಳಿಗೆ ಅನಿಸಿತು.

"ನಿಮ್ಮ ತಪ್ಪಿಲ್ಲ ಅಂತ ಆಗ್ಲೇ ಹೇಳಿದೆ. ಈಗ ಹಂಗೆ ಹೇಳಕ್ಕಾಗಲ್ಲ" ಎಂದಳು ನಿಧಾನವಾಗಿ. "ತಪ್ಪಿದೆ. ಬೇಕಂತ ಮಾಡಿದ್ದಲ್ಲ, ಆದ್ರೂ ಇದೆ. ನಿಮ್ಮಮ್ಮಂಗೆ ಗೊತ್ತಾ?"

ಅವನು ತಲೆಯಾಡಿಸಿದ. ಇಲ್ಲ.

"ಏಳಿ. ಇವತ್ತೇ ಹೇಳಿ. ನಾನು ಪಕ್ಕದಲ್ಲೇ ಇರ್ತೀನಿ."

ಮನೆ ಅಂಗಡಿಯ ಹಿಂದೆಯೇ. ಅವನ ತಾಯಿ ಸಿದ್ದಲಕ್ಷ್ಮಮ್ಮ ನಡುಮನೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಗುರುಪ್ರಕಾಶ್ ಎದುರು ಕೂತು, ತಲೆಯೆತ್ತದೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಸಿದ್ದಲಕ್ಷ್ಮಮ್ಮನ ಕೈ ನಿಂತಿತು. ಮೊರ ಪಕ್ಕಕ್ಕೆ ಸರಿಸಿದರು. ಮೂವತ್ತೆಂಟು ವರ್ಷದ ಮಗನ ಕೆನ್ನೆಗೆ ಬೀಸಿ ಹೊಡೆದರು. ಇನ್ನೊಂದು ಹೊಡೆದರು. ಮೂರನೆಯದಕ್ಕೆ ಎತ್ತಿದ ಕೈ ಅವನ ಕತ್ತನ್ನು ಬಳಸಿತು. ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಆಕೆ ಗೋಳಾಡಿದ್ದು ಬೀದಿಗೂ ಕೇಳಿಸಿತು. ಒಬ್ಬ ಮಗನಿಗಾಗಿ ಅತ್ತದ್ದೋ, ಇಬ್ಬರಿಗಾಗಿಯೋ, ಯಾರಿಗೆ ಗೊತ್ತು. ಸರ್ವಮಂಗಳ ಗೋಡೆಗೊರಗಿ ನಿಂತಿದ್ದಳು. ಅವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು.

ಅಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಸಿದ್ದಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಆಗಷ್ಟೇ ಕಂಡಂತೆ ಅವಳತ್ತ ನೋಡಿದರು. "ಈ ಹುಡುಗಿ ಯಾರೋ?"

ಅವನು ಸರ್ವಮಂಗಳಳ ಕಡೆ ತಿರುಗಿದ.

ಸರ್ವಮಂಗಳ ಆಕೆಯ ಪಕ್ಕ ಕೂತಳು. "ಗುಬ್ಬಿಯವಳು ಅಮ್ಮ. ಇವ್ರನ್ನ ಮದ್ವೆ ಆಗ್ಬೇಕು ಅಂದ್ಕೊಂಡಿದೀನಿ. ಇವ್ರಿಗೆ ಇನ್ನೂ ಹೇಳಿಲ್ಲ."

ಸಿದ್ದಲಕ್ಷ್ಮಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇವತ್ತು ನನ್ನ ಹತ್ತಿರ ಏನೂ ಕೇಳಬೇಡಿ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಎದ್ದು ದೇವರ ಕೋಣೆಗೆ ಹೋದರು. ಬಾಗಿಲು ಮುಚ್ಚಲಿಲ್ಲ, ಅರೆ ತೆರೆದಿಟ್ಟರು.

ಗಾಡಿಯ ವಿಷಯ ಅಂದು ತೀರ್ಮಾನವಾಗಲಿಲ್ಲ. ಅದು ಅಂಗಳದಲ್ಲಿ ಹಾಗೇ ನಿಂತಿತ್ತು. ಇಬ್ಬರೂ ಅದನ್ನು ದಾಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು. ಸಂಜೆ ಬಿಸಿಲು ರಸ್ತೆಯ ಮೇಲಿತ್ತು. ಅವನ ಕೆನ್ನೆಯ ಮೇಲೆ ತಾಯಿಯ ಬೆರಳು ಇನ್ನೂ ಕೆಂಪಾಗಿ ಮೂಡಿತ್ತು.

ಬಹಳ ದೂರ ನಡೆದ ಮೇಲೆ ಅವನು ನಿಂತ.

"ಇಷ್ಟೆಲ್ಲ ಕೇಳಿದ್ಮೇಲೂನಾ?"

ಸರ್ವಮಂಗಳ ಗಾಯದ ಕಲೆ ಉಳಿದಿದ್ದ ತನ್ನ ಬೆರಳುಗಳಿಂದ ಅವನ ಕೈ ಹಿಡಿದುಕೊಂಡಳು.

"ಕೇಳಿದ್ಮೇಲೇ" ಎಂದಳು.